ಬ್ಯಾಗು ನೋಡಿಕೊಂಡವನು

ಪೀರಪ್ಪನಿಗೆ ಸಿಟ್ಟು ಬರಲು ಸ್ವಂತ ಕಾರಣವೇನೂ ಬೇಕಾಗಿರಲಿಲ್ಲ, ಒಂದು ಸುದ್ದಿ ಸಿಕ್ಕರೆ ಸಾಕಿತ್ತು. ಕಲಬುರಗಿಯಲ್ಲಿ ರೈಲು ಹತ್ತಿದಾಗಿನಿಂದ ಮೊಬೈಲು ನೋಡುತ್ತ ಹಾಲಿನ ದರಕ್ಕೊಮ್ಮೆ, ಕುಸಿದ ಸೇತುವೆಗೊಮ್ಮೆ, ಯಾವುದೋ ನಟನ ವಿಚ್ಛೇದನಕ್ಕೊಮ್ಮೆ ಕೂಗಾಡಿ ಎದುರು ಬರ್ತಿನವರ ನಿದ್ದೆ ಕೆಡಿಸಿದ್ದ. ಬೆಳಿಗ್ಗೆ ರಾಜಧಾನಿಯ ದಂಡು ಸ್ಟೇಷನ್ನಿನಲ್ಲಿ ಇಳಿಯುವಾಗ ಮಾತ್ರ ಅವನಿಗೆ ಸ್ವಂತ ಕಾರಣವೂ ಸಿಕ್ಕಿತು. ರೈಲು ಎರಡು ತಾಸು ತಡ. ಸಾಲದ್ದಕ್ಕೆ, ಸೀಟಿನ ಕೆಳಗೆ ಬಿಟ್ಟಿದ್ದ ಅವನ ಹೊಸ ಬೂಟುಗಳನ್ನು ಯಾರೋ ಪುಣ್ಯಾತ್ಮ ಮೆಟ್ಟಿಕೊಂಡು ಹೋಗಿದ್ದ.

ಟ್ಯಾಂಕು ತುಂಬಿದ ಕೂಡಲೇ ಮೋಟಾರು ನಿಲ್ಲಿಸುವ ಟೈಮರ್ ಡಬ್ಬಿಗಳನ್ನು ಊರೂರು ತಿರುಗಿ ಮಾರುವುದು ಪೀರಪ್ಪನ ಉದ್ಯೋಗ. ಹನ್ನೊಂದು ಗಂಟೆಗೆ ಇಂದಿರಾನಗರದ ಒಬ್ಬ ಬಿಲ್ಡರ್ ಮುಂದೆ ಅವುಗಳನ್ನು ಇಟ್ಟು ತೋರಿಸಬೇಕಿತ್ತು. ಈ ಆರ್ಡರ್ ತಪ್ಪಿದರೆ ಮತ್ತೆ ಮುಖ ತೋರಿಸಬೇಡ ಎಂದಿದ್ದ ಕಾರ್ಖಾನೆಯ ಮಾಲೀಕ ದತ್ತು. ಅಂಥ ಜಾಗಕ್ಕೆ ಬರೀ ಸಾಕ್ಸಿನಲ್ಲಿ ಹೋಗುವುದು ಹೇಗೆ?

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಂದಿರಾನಗರದ ಬಸ್ಸು ನಿಂತಿತ್ತು. ಡ್ರೈವರು ತಿಂಡಿಗೆ ಹೋಗಿದ್ದಾನೆ, ಇನ್ನೂ ಇಪ್ಪತ್ತು ನಿಮಿಷ ಎಂದ ಕಂಡಕ್ಟರು. ಸೀಟಿನ ಮೇಲೆ ಒಂದು ಟವೆಲ್ ಎಸೆದರೆ ಸಾಕು, ಆ ಸೀಟು ನಮ್ಮದು ಎಂಬ ಕಾನೂನು ನಮ್ಮ ನಾಡಿನಲ್ಲಿ ಯಾವ ಸರ್ಕಾರ ಬಂದರೂ ಬದಲಾಗಿಲ್ಲ. ಪೀರಪ್ಪನ ಹತ್ತಿರ ಟವೆಲ್ ಇರಲಿಲ್ಲ, ಬ್ಯಾಗನ್ನೇ ಇಟ್ಟ. ಕಿಟಕಿಯ ಪಕ್ಕ ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಒಬ್ಬ ನಡುವಯಸ್ಸಿನ ಮನುಷ್ಯ ಕೂತಿದ್ದ.

"ಅಣ್ಣಾರ, ಇದರ ಮ್ಯಾಲ ಸ್ವಲ್ಪ ಕಣ್ಣಿಡ್ರಿ. ಬೂಟ ತಗೊಂಡು ಐದ ನಿಮಿಷದಾಗ ಬಂದೆ."

"ಹೋಗ್ಬನ್ನಿ, ನೋಡ್ಕೋತೀನಿ," ಎಂದ ಆತ.

ಐದು ನಿಮಿಷ ನಲವತ್ತಾಯಿತು. ಒಂದು ಅಂಗಡಿಯ ಬೂಟು ಕಚ್ಚಿತು, ಇನ್ನೊಂದು ಅಂಗಡಿಯವನು ಚೌಕಾಸಿಗೆ ಬಗ್ಗಲಿಲ್ಲ. ಕೊನೆಗೆ ಕಪ್ಪು ಬೂಟು ಕಿರುಗುಟ್ಟಿಸುತ್ತ ಪೀರಪ್ಪ ಹಿಂದಿರುಗಿದರೆ ನಿಲ್ದಾಣದ ಸುತ್ತ ಹಗ್ಗ ಕಟ್ಟಿದ್ದರು. ಪೊಲೀಸರು, ನಾಯಿ, ನೂರಾರು ಜನ. ಒಳಗೆ ಬಾಂಬು ಸಿಕ್ಕಿದೆಯಂತೆ. ಬಸ್ಸಿನಲ್ಲಿ ತನ್ನ ಬ್ಯಾಗಿದೆ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಪೇದೆಯೊಬ್ಬ ಲಾಠಿಯಿಂದ ಅವನನ್ನು ಹಿಂದಕ್ಕೆ ಸರಿಸಿದ.

ಎದುರಿಗಿದ್ದ ಅಂಜನಮೂರ್ತಿಯ ಹೋಟೆಲಿನಲ್ಲಿ ಟೀವಿ ಹಾಕಿದ್ದರು. ಇಡ್ಲಿ ತಟ್ಟೆ ಕೈಯಲ್ಲಿ ಹಿಡಿದವರೆಲ್ಲ ತಲೆಯೆತ್ತಿ ನಿಂತಿದ್ದರು. ಪೀರಪ್ಪನೂ ನಿಂತ. ಮುಖಕ್ಕೆ ಬಟ್ಟೆ ಮುಚ್ಚಿದ ಒಬ್ಬನನ್ನು ಪೊಲೀಸರು ಎಳೆದೊಯ್ಯುವುದನ್ನೇ ತಿರುತಿರುಗಿ ತೋರಿಸುತ್ತಿದ್ದರು. ನಿರೂಪಕ ಗಂಟಲು ಹರಿಯುವಂತೆ ಕಿರುಚುತ್ತಿದ್ದ. ಬ್ಯಾಗಿನ ಸಂದಿಯಿಂದ ಕೆಂಪು ಅಂಕಿಗಳು ಮಿನುಗುತ್ತಿದ್ದವಂತೆ. "ಬಸ್ಸಿನಲ್ಲಿದ್ದವರೆಲ್ಲ ಓಡಿದರೂ ಈತ ಮಾತ್ರ ಬ್ಯಾಗ್ ಬಿಟ್ಟು ಕದಲಲಿಲ್ಲ! ಯಾಕೆ?"

"ಯಾಕಂದ್ರ ಬ್ಯಾಗು ಅವಂದೇ!" ಪೀರಪ್ಪ ಗುಡುಗಿದ. "ಇಂಥವ್ರನ್ನ ಠಾಣೆಗೆ ಯಾಕ ಒಯ್ತೀರಿ? ಇಲ್ಲೇ ನಿಲ್ಸಿ ಸುಡ್ರಿ!"

"ಸರಿಯಾಗ್ ಹೇಳಿದ್ರಿ ಸಾರ್," ಎಂದ ಪಕ್ಕದವನು. "ಇವ್ರದ್ದೆಲ್ಲ ಜಾಸ್ತಿ ಆಯ್ತು ಗುರು," ಎಂದ ಇನ್ನೊಬ್ಬ. ಯಾರದ್ದು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿದ್ದಂತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೆಚ್ಚಿಗೆ ಸಿಕ್ಕಿದ್ದಕ್ಕೆ ಪೀರಪ್ಪ ಇನ್ನೂ ನಾಲ್ಕು ಮಾತು ಜೋರಾಗಿಯೇ ಆಡಿದ.

ಅಷ್ಟರಲ್ಲಿ ಟೀವಿಯಲ್ಲಿ ಬ್ಯಾಗು ಬಂತು. ಕಂದು ಬಣ್ಣದ ಬ್ಯಾಗು. ಹಿಡಿಕೆಗೆ ಹಸಿರು ಖಣದ ಚೂರೊಂದು ಕಟ್ಟಿತ್ತು. ರೈಲಿನಲ್ಲಿ ಅದಲುಬದಲಾಗದಿರಲಿ ಎಂದು ಹೆಂಡತಿ ಸುಭದ್ರಮ್ಮ ತನ್ನ ಹಳೆಯ ಕುಪ್ಪಸ ಹರಿದು ಕಟ್ಟಿದ್ದ ಚೂರು.

ಅದು ಪೀರಪ್ಪನದೇ ಬ್ಯಾಗು. ನಿನ್ನೆ ಪರೀಕ್ಷೆಗೆಂದು ಹಚ್ಚಿದ್ದ ಟೈಮರನ್ನು ಅವನು ಆರಿಸಿರಲೇ ಇಲ್ಲ. ಹಾಗಾದರೆ ಬಟ್ಟೆ ಮುಚ್ಚಿದ ಆ ಮುಖ? ನೋಡ್ಕೋತೀನಿ ಎಂದಿದ್ದವನದು!

ಮೂಲೆಗೆ ಸರಿದು ದತ್ತುವಿಗೆ ಫೋನು ಮಾಡಿದ. ದತ್ತು ಎಲ್ಲ ಕೇಳಿ, "ಬ್ಯಾಗಿನಾಗ ಕಂಪನಿ ಹೆಸರ ಅದ ಏನು?" ಎಂದ.

"ಇಲ್ರಿ. ಸ್ಯಾಂಪಲ್ಲಿಗೆ ಇನ್ನಾ ಹೆಸರ ಹಚ್ಚಿಲ್ಲ."

"ಹಂಗಾರ ಅದು ನಮ್ದಲ್ಲ. ಸುಮ್ನ ರೈಲ ಹತ್ತಿ ಬಾ."

"ಒಬ್ಬ ಮನಷ್ಯಾನ್ನ ಹಿಡಕೊಂಡ ಹೋಗ್ಯಾರ್ರಿ."

"ಅಂವ ನಿನ್ನ ಬೀಗನೇನು? ಕಂಪನಿ ಹೆಸರ ಟೀವಿಗೆ ಬಂದ್ರ ನಿನ್ನ ನೌಕರಿ ಹೋತು ಅಂತ ತಿಳ್ಕೋ." ಫೋನು ಇಟ್ಟುಬಿಟ್ಟ.

ಹೊರಟುಬಿಡಬಹುದಿತ್ತು. ರೈಲ್ವೆ ಸ್ಟೇಷನ್ನು ದೂರವೇನಿರಲಿಲ್ಲ. ಆದರೆ ಟೀವಿಯಲ್ಲಿ ಆ ಮನುಷ್ಯನನ್ನು ಎಳೆಯುವ ದೃಶ್ಯ ಮತ್ತೆ ಬಂತು, ಮೆಟ್ಟಿಲಿನ ಮೇಲೆ ಅವನ ಊಟದ ಡಬ್ಬಿ ಬಿದ್ದು ಅನ್ನ ಚೆಲ್ಲಿತು. ಪೀರಪ್ಪನಿಗೆ ರೈಲಿನಲ್ಲಿ ಬಂದ ಸಿಟ್ಟುಗಳೆಲ್ಲ ಸುಳ್ಳು ಎನ್ನಿಸಿತು. ಈಗ ಬಂದದ್ದು ನಿಜವಾದದ್ದು, ಅದೂ ತನ್ನ ಮೇಲೆ.

"ಆ ಬ್ಯಾಗ ನಂದ್ರಿ," ಎಂದ ಗಟ್ಟಿಯಾಗಿ.

ತಟ್ಟೆ ಹಿಡಿದವರೆಲ್ಲ ಟೀವಿ ಬಿಟ್ಟು ಅವನತ್ತ ತಿರುಗಿದರು. ಒದೆ ಬೀಳಬಹುದು ಎಂದುಕೊಂಡಿದ್ದ ಪೀರಪ್ಪ. ಬೀಳಲಿಲ್ಲ. "ಅಯ್ಯೋ ಪಾಪ, ದೂರದಿಂದ ಬಂದವ್ರು, ಮರ್ತಿರ್ತಾರೆ ಬಿಡಿ," ಎಂದ ಪಕ್ಕದವನು, ಈಗಷ್ಟೇ ಸುಡುವುದಕ್ಕೆ ಹೂಂಗುಟ್ಟಿದವನು. ಅಂಜನಮೂರ್ತಿ ಅವನಿಗೆ ನೀರು ಕೊಟ್ಟ. ಆ ಕರುಣೆ ಪೀರಪ್ಪನಿಗೆ ಒದೆಗಿಂತ ಹೆಚ್ಚು ಉರಿಯಿತು.

ಠಾಣೆಯಲ್ಲಿ ಬ್ಯಾಗನ್ನು ಕತ್ತರಿಸಿ ಟೈಮರುಗಳನ್ನು ಬಿಚ್ಚಿ ಹರಡಿದ್ದರು. ಸಿಡಿಯುವಂಥದ್ದೇನೂ ಇಲ್ಲವೆಂದು ತಿಳಿದು ಅರ್ಧ ಗಂಟೆಯಾಗಿತ್ತು. ಬ್ಯಾಗು ನಿರಪರಾಧಿ ಎಂದು ತೀರ್ಮಾನವಾಗಿತ್ತು, ಅದನ್ನು ಕಾದವನು ಮಾತ್ರ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅಂಗಿಯ ತೋಳು ಹರಿದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಹೆಸರು?" ಇನ್ಸ್‌ಪೆಕ್ಟರು ಪೆನ್ನು ಹಿಡಿದರು.

"ಪೀರ..." ಪೆನ್ನು ನಿಂತಿತು. "ಪೀರಪ್ಪ ರೀ." ಪೆನ್ನು ಮುಂದೆ ಓಡಿತು. ಊರ ದರ್ಗಾಕ್ಕೆ ಹರಕೆ ಹೊತ್ತು ಹಡೆದ ಮಗನಿಗೆ ಅವ್ವ ಇಟ್ಟ ಹೆಸರದು. ಅದರ ಅರ್ಧಕ್ಕೆ ಒಂದು ನೋಟ, ಪೂರ್ತಿಗೆ ಇನ್ನೊಂದು ನೋಟ ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

"ಕೂತ್ಕೊಳ್ಳಿ ಸಾರ್," ಎಂದು ಕುರ್ಚಿ ಎಳೆದರು. ಪೀರಪ್ಪ ಕೂರಲಿಲ್ಲ.

"ಅವ್ರು ನಿಮಗ ಏನ್ ಹೇಳಿದ್ರು ಸಾಹೇಬ್ರ?"

"ಯಾರೋ ಬೂಟು ತಗೊಳ್ಳೋಕೆ ಹೋಗಿದಾರೆ, ಅವ್ರದ್ದು ಬ್ಯಾಗು, ಬರ್ತಾರೆ ಅಂತ. ಯಾರ್ರೀ ನಂಬ್ತಾರೆ ಇಂಥ ಕಥೇನಾ?"

"ಖರೇ ಹೇಳ್ಯಾರ್ರಿ! ಅಕ್ಷರಕ್ಕಕ್ಷರ ಖರೇ!" ಪೀರಪ್ಪ ಬೂಟುಗಾಲನ್ನು ಎತ್ತಿ ತೋರಿಸಿದ. "ನಾ ಹೇಳಿದ್ರ ಕುರ್ಚಿ, ಅವ್ರು ಹೇಳಿದ್ರ ನೆಲ ಏನ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೋ ನ್ಯಾಯ!" ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ಆದರೂ ಎರಡು ಸಹಿ ಹಾಕಿಸಿಕೊಂಡು ಇಬ್ಬರನ್ನೂ ಬಿಟ್ಟರು.

ಹೊರಗೆ ಕ್ಯಾಮೆರಾದವರು ವ್ಯಾನಿಗೆ ಸಾಮಾನು ತುಂಬುತ್ತಿದ್ದರು. ಇವರ ತಪ್ಪೇನಿಲ್ಲ ಎಂದು ಒಂದು ಮಾತು ತೋರಿಸಿ ಎಂದು ಪೀರಪ್ಪ ಅಂಗಲಾಚಿದ. "ಬಾಂಬೇ ಇಲ್ಲ ಅಂದ್ಮೇಲೆ ಸುದ್ದಿ ಎಲ್ಲಿದೆ ಸಾರ್?" ಎಂದು ಅವರು ಬಾಗಿಲು ಎಳೆದುಕೊಂಡರು.

ಆತನ ಹೆಸರು ನಜೀರ್, ಹಲಸೂರಿನ ಟೈಲರ್ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರು. ಇಬ್ಬರೂ ನಿಲ್ದಾಣದ ತನಕ ನಡೆದರು. ಪೀರಪ್ಪನಿಗೆ ತಡೆಯಲಾಗಲಿಲ್ಲ.

"ಎಲ್ಲಾರೂ ಓಡಿದ್ರು. ನೀವೂ ಓಡಬಾರ್ದಿತ್ತೇನ್ರಿ?"

ನಜೀರ್ ಅವನನ್ನು ಮೊದಲ ಸಲ ನೇರವಾಗಿ ನೋಡಿದ. "ನೋಡ್ಕೊಳ್ಳಿ ಅಂದಿದ್ರಲ್ಲ ನೀವು. ಆ ಗಲಾಟೇಲಿ ಯಾರಾದ್ರೂ ಎತ್ಕೊಂಡ್ ಹೋಗಿದ್ರೆ?"

ಹೋಟೆಲಿನಲ್ಲಿ ತಾನು ಆಡಿದ ಮಾತನ್ನು ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದು ಪೀರಪ್ಪ ಎರಡು ಸಲ ಬಾಯಿ ತೆರೆದ. ಬರಲಿಲ್ಲ.

ಬಸ್ಸುಗಳು ಮತ್ತೆ ಓಡತೊಡಗಿದ್ದವು. ವಯಸ್ಸಾದ ಹೆಂಗಸೊಬ್ಬಳು ಎರಡು ಚೀಲಗಳನ್ನು ತಂದು ನಜೀರ್‌ನ ಕಾಲ ಬಳಿ ಇಟ್ಟಳು. "ಅಣ್ಣಾ, ಒಂಚೂರು ನೋಡ್ಕೊಳ್ಳಿ, ಬಾಟ್ಲಿಗೆ ನೀರು ತುಂಬ್ಕೊಂಡ್ ಬಂದ್ಬಿಡ್ತೀನಿ."

ನಜೀರ್ ಬೆಂಕಿ ತಾಗಿದವನಂತೆ ಹಿಂದೆ ಸರಿದ. "ಬೇಡಮ್ಮ. ನನ್ ಕೈಲಿ ಆಗಲ್ಲ. ಬೇರೆಯವ್ರಿಗೆ ಹೇಳಿ." ಬರಿಗಾಲಲ್ಲೇ ಬಿರಬಿರನೆ ನಡೆದು ನಿಲ್ದಾಣದ ಆ ತುದಿಗೆ ಹೋಗಿ ನಿಂತ.

ಹೆಂಗಸು ಪೀರಪ್ಪನ ಕಡೆ ತಿರುಗಿದಳು. "ನೋಡಿದ್ರಾ ಸಾರ್? ಎರಡು ನಿಮಿಷ ಚೀಲ ನೋಡ್ಕೊಳ್ಳೋಕಾಗಲ್ವಂತೆ! ಮನುಷ್ಯತ್ವನೇ ಸತ್ತೋಯ್ತು."

"ಅವ್ರು ಕೊಂದಿಲ್ರಿ ಅವ್ವ," ಎಂದ ಪೀರಪ್ಪ. "ಇವತ್ತು ಮುಂಜಾನಿ ತನಕ ಅದು ಅವ್ರ ಹತ್ರ ಇತ್ತು. ಕೊಂದವ್ರಾಗ ನಾನೂ ಒಬ್ಬ."

ಅವಳಿಗೆ ತಿಳಿಯಲಿಲ್ಲ. ನಾ ನೋಡ್ಕೋತೀನಿ ಹೋಗ್ರಿ ಎಂದು ಅವಳನ್ನು ಕಳಿಸಿದ. ಇಂದಿರಾನಗರದ ಬಸ್ಸು ಬಂತು, ಹಲಸೂರಿಗೆ ಹೋಗುವವರೆಲ್ಲ ಹತ್ತಿದರು, ನಜೀರ್ ಕೂಡ. ಬಸ್ಸು ಹೊರಟಿತು. ಪೀರಪ್ಪ ಚೀಲಗಳನ್ನು ಬಿಟ್ಟು ಕದಲಲಿಲ್ಲ.