ಮಣಿಕಟ್ಟಿಗೆ ತಿಳಿಯುವ ಟಾರ್ಕ್ ರೆಂಚ್

ಕಾಯಿಲೆ ವಾಸಿಯಾಗಿ ಚಿಕ್ಕಮ್ಮ ಮತ್ತೆ ಸೈಕಲ್ ರಿಪೇರಿ ಅಂಗಡಿಯ ಬಾಗಿಲು ತೆರೆದಾಗ ಉದುರಿದ ಕೂದಲು ಬಂದಿತ್ತು, ಗದರುವ ದನಿಯೂ ಬಂದಿತ್ತು. ಬೆರಳ ತುದಿಯ ಸ್ಪರ್ಶ ಮಾತ್ರ ಬಂದಿರಲಿಲ್ಲ. ಔಷಧಿಯಿಂದ ಹೀಗಾಗುವುದುಂಟು, ನಿಧಾನಕ್ಕೆ ಸರಿಹೋಗಬಹುದು ಎಂದಿದ್ದರು ಡಾಕ್ಟರು.

"ಸರಿಹೋಗಬಹುದು ಅಂದ್ರೆ ಸರಿಹೋಗದೇನೂ ಇರಬಹುದು" ಎಂದು ಚಿಕ್ಕಮ್ಮ ಏಪ್ರನ್ ಕಟ್ಟಿಕೊಂಡಳು. ಗಂಟು ಹಾಕಿದ್ದು ನಾನು.

ಅವಳ ಕೆಲಸ ನೋಡುತ್ತಲೇ ಬೆಳೆದವಳು ನಾನು. ಬೋಲ್ಟು ಬಿಗಿ ಮಾಡುವಾಗ ಅವಳು ಅದರ ಕಡೆ ನೋಡುತ್ತಲೇ ಇರಲಿಲ್ಲ. ಚೈನಿಗೆ ಎಣ್ಣೆ ಕಾಣಿಸದ ಯಾರನ್ನೋ ಬೈಯುತ್ತಿರುತ್ತಿದ್ದಳು, ಅಷ್ಟರಲ್ಲಿ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ತಾನಾಗಿ ನಿಂತಿರುತ್ತಿತ್ತು.

ಆ ಕೈ ನಿಲ್ಲದೆ ಹೋದದ್ದು ಲೆಕ್ಕದ ಮೇಡಂ ಸೈಕಲ್ಲಿನ ಮೇಲೆ. ಮೇಡಂ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ರಜೆ ಬಂತೆಂದರೆ ರೇಸಿಗೆ ಹೊರಡುವವರು. ಅವರದು ಹಗುರವಾದ, ಬಿಗಿ ಹೆಚ್ಚಾದರೆ ಸೀಳುವ ಕಾರ್ಬನ್ ಹ್ಯಾಂಡಲ್. ಅದನ್ನು ಹಿಡಿದಿಡುವ ಬೋಲ್ಟು ಬಿಗಿಯುತ್ತಿರುವಾಗ ಒಣಕಡ್ಡಿ ಮುರಿದಂತೆ ಸಣ್ಣ ಸದ್ದಾಯಿತು. ಚಿಕ್ಕಮ್ಮ ಟಾರ್ಚ್ ಹಿಡಿದು ನೋಡಿದಳು. ಕೂದಲೆಳೆಯಷ್ಟು ಸೀಳು. ಮೇಲೆ ಟೇಪು ಸುತ್ತಿಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವಳು ನಿಂತ ಕಾಲಲ್ಲೇ ಫೋನ್ ಮಾಡಿದಳು. "ಮೇಡಂ, ನಿಮ್ಮ ಹ್ಯಾಂಡಲ್ ಸೀಳಿದೆ. ಸೀಳಿದ್ದು ನಾನೇ. ಹೊಸದು ತರಿಸಿ ಹಾಕಿಕೊಡ್ತೀನಿ. ಅಲ್ಲೀವರೆಗೂ ಈ ಸೈಕಲ್ ಕೇಳಬೇಡಿ, ಕೊಡಲ್ಲ."

ಸುದ್ದಿ ಕೇಳಿ ಅಮ್ಮ ತನ್ನ ತಂಗಿಯನ್ನು ಕೂರಿಸಿಕೊಂಡು ಮಾತಾಡಿದಳು. "ಇಷ್ಟು ದಿನ ದುಡಿದಿದ್ದು ಸಾಕು ಕಣೇ. ಕೈ ಸೋತಿದೆ ಅಂತ ಒಪ್ಕೋ."

"ಕೈ ಸೋತಿಲ್ಲ ಅಕ್ಕ. ಬೆರಳು ಸುದ್ದಿ ಕೊಡ್ತಿಲ್ಲ ಅಷ್ಟೆ. ಸುದ್ದಿ ಕೊಡೋದಕ್ಕೆ ಬೇರೆ ಯಾರನ್ನಾದ್ರೂ ಇಟ್ಕೋತೀನಿ."

ಆ 'ಬೇರೆ ಯಾರೋ' ಟಾರ್ಕ್ ರೆಂಚ್ ಎಂದು ನನಗೆ ಗೊತ್ತಾದದ್ದು ಮರುದಿನ, ಅವಳನ್ನು ಉಪಕರಣದ ಅಂಗಡಿಗೆ ಕರೆದುಕೊಂಡು ಹೋದಾಗ. ಅದು ಬೋಲ್ಟು ಬಿಗಿಯುವ ಸ್ಪ್ಯಾನರೇ; ಎಷ್ಟು ಬಿಗಿ ಬೇಕೆಂದು ಮೊದಲೇ ಅದರಲ್ಲಿ ಹೊಂದಿಸಿಡಬಹುದು; ಅಷ್ಟಾದ ಕೂಡಲೇ ಅದು ತಿಳಿಸುತ್ತದೆ.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ, ಮೊಳದುದ್ದದ ಒಂದನ್ನು ಮೇಜಿನ ಮೇಲಿಟ್ಟರು. "ಇದೊಂದಿದ್ರೆ ಕಾರಿನ ಚಕ್ರಕ್ಕೂ ಆಗತ್ತೆ."

"ಕಾರಿನ ಚಕ್ರಕ್ಕೆ ಆಗೋದು ನನ್ನ ಪುಟಾಣಿ ಬೋಲ್ಟಿಗೆ ಆಗಲ್ಲಣ್ಣ. ನನ್ನ ಕೆಲಸ ಬಹುಪಾಲು ನಾಲ್ಕು, ಐದು, ಆರು ಅನ್ನೋ ಗುರುತಿನಲ್ಲೇ ಮುಗಿಯತ್ತೆ. ಇದರ ಅಳತೆ ಶುರುವಾಗೋದೇ ಅದಕ್ಕಿಂತ ಮೇಲೆ. ಚಿಕ್ಕದು ಕೊಡಿ."

ಅವರು ನಕ್ಕು, ಅಂಕಿ ತೋರಿಸಿ ಕೀಂ ಎನ್ನುವ ಎಲೆಕ್ಟ್ರಾನಿಕ್ ರೆಂಚನ್ನು ತೆಗೆದರು. ಚಿಕ್ಕಮ್ಮ ಮೆಚ್ಚಿ ತಿರುಗಿಸಿ ನೋಡಿದಳು. "ಚೆನ್ನಾಗಿದೆ. ಆದ್ರೆ ಬ್ಯಾಟರಿ ಹೋದ ದಿನ ಇದೂ ನನ್ನ ಬೆರಳಿನ ಥರಾನೇ."

ಆಮೇಲೆ ಬಂದದ್ದು ಮುಳ್ಳಿನದು. ಒತ್ತಿದಷ್ಟೂ ಅಳತೆಪಟ್ಟಿಯ ಮೇಲೆ ಮುಳ್ಳು ಸರಿಯುತ್ತದೆ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಅವಳು ಅದನ್ನು ಕೆಳಗಿಡಲು ಮನಸ್ಸಿಲ್ಲದವಳಂತೆ ಹಿಡಿದೇ ಇದ್ದಳು. "ಸೀಟಿನ ಕೆಳಗೆ ತಲೆ ತೂರಿಸಿ ಮುಳ್ಳು ಓದ್ಬೇಕಲ್ಲ. ಕತ್ತಿಗೆ ಬೇರೆ ಡಾಕ್ಟರನ್ನ ಹುಡುಕ್ಬೇಕಾಗತ್ತೆ."

ಉಳಿದವು ಟಕ್ ಎನ್ನುವ ಜಾತಿಯವು, ಎರಡು. ನೋಡಲು ಅವಳಿಜವಳಿ. ಚಿಕ್ಕಮ್ಮ ಒಂದು ಬೋಲ್ಟನ್ನು ಅಂಗಡಿಯ ಮೇಜಿನ ಮೇಲಿದ್ದ, ಬಿಗಿಹಿಡಿಯುವ ವೈಸಿಗೆ ಕಚ್ಚಿಸಲು ಹೇಳಿದಳು. "ಗುರುತು ನೀನು ಹೊಂದಿಸು, ನಂಗೆ ಹೇಳ್ಬೇಡ" ಎಂದು ರೆಂಚನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದಳು. ಪಕ್ಕದ ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಯಂತ್ರ ಕಿವಿ ಕೊರೆಯುತ್ತಿತ್ತು. ಅಂಗಡಿಯವರು ಬಾಗಿಲು ಹಾಕಲು ಹೋದರೆ, "ಇರಲಿ ಬಿಡಿ. ನನ್ನ ಅಂಗಡಿ ಮುಂದೇನು ಲಾರಿಗಳು ಓಡಾಡಲ್ವಾ?" ಎಂದಳು.

ಮೊದಲನೆಯದು ಟಕ್ ಎಂದಿತು. ಬಗ್ಗಿ ಕಿವಿಯಿಟ್ಟಿದ್ದ ನನಗೆ ಕೇಳಿತು; ಆ ಗಲಾಟೆಯಲ್ಲಿ ಅದು ಅವಳಿಗೆ ಕೇಳಲಿಲ್ಲ. ಕೈ ಮುಂದಕ್ಕೆ ಹೋಯಿತು. ನಾನು ತೋಳು ಹಿಡಿದು ನಿಲ್ಲಿಸಿದೆ. ಅವಳ ಮುಖ ಸಣ್ಣಗಾಯಿತು. ಕಾಯಿಲೆಯ ದಿನಗಳಲ್ಲೂ ನಾನು ಕಾಣದ ಹೆದರಿಕೆ ಅದು.

ಎರಡನೆಯದರ ಕತ್ತು, ಅಳತೆ ಮುಟ್ಟಿದ ತಕ್ಷಣ, ಬಾಗಿ ಸಡಿಲವಾಗುತ್ತಿತ್ತು. ಚಿಕ್ಕಮ್ಮನ ಕೈ ಗಕ್ಕನೆ ನಿಂತಿತು. ನಾನು ಗುರುತು ಬದಲಿಸಿದೆ, ಮತ್ತೆ ನಿಂತಿತು. ಎಡಗೈಗೆ ಕೊಟ್ಟೆ; ನಿಂತಿತು.

"ಬೆರಳಿಗೆ ಗೊತ್ತಾಗ್ತಿಲ್ಲ" ಎಂದಳು ಕಣ್ಣು ಮುಚ್ಚಿಕೊಂಡೇ. "ಮಣಿಕಟ್ಟಿಗೆ ಗೊತ್ತಾಗ್ತಿದೆ. ಮೊಣಕೈಗೂ."

ಅಂಗಡಿಯವರು ತಾವೂ ಕಣ್ಣು ಮುಚ್ಚಿ ತಿರುಗಿಸಿ ನೋಡಿದರು. "ಇಷ್ಟು ವರ್ಷ ಮಾರಿದೀನಮ್ಮ, ಹೀಗೆ ಹಿಡಿದು ನೋಡಿರಲಿಲ್ಲ" ಎಂದು, ತುಕ್ಕು ಹಿಡಿಯದಂತೆ ಎಣ್ಣೆ ಕಾಗದದಲ್ಲಿ ತಾವೇ ಸುತ್ತಿಕೊಟ್ಟರು.

ಗಿರಾಕಿಗಳ ಸೈಕಲ್ ಮುಟ್ಟುವ ಮೊದಲು ಅವಳು ಗುಜರಿಯ ಹ್ಯಾಂಡಲುಗಳನ್ನು ಗುಡ್ಡೆ ಹಾಕಿಕೊಂಡು ಅಭ್ಯಾಸಕ್ಕೆ ಕೂತಳು. ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ಗೊಣಗುತ್ತಲೇ ಬಂದ ಅಮ್ಮ ಸ್ಟೂಲು ಎಳೆದುಕೊಂಡು ಬೋಲ್ಟು ಎತ್ತಿಕೊಡತೊಡಗಿದಳು. ಮೂವತ್ತು ವರ್ಷ ಕೈ ಪಳಗಿದವಳು ಮೊದಲ ದಿನದ ಕೆಲಸಗಾರಳಂತೆ ಕಲಿಯುವುದನ್ನು ನಾನು ಬಾಗಿಲಿಗೊರಗಿ ನೋಡಿದೆ. ನನಗಾಗಿದ್ದರೆ ಅವಮಾನವಾಗುತ್ತಿತ್ತು. ಅವಳು ಹಾಡು ಗುನುಗುತ್ತಿದ್ದಳು.

ಹೊಸ ಹ್ಯಾಂಡಲ್ ಬಂದ ದಿನ ಲೆಕ್ಕದ ಮೇಡಂ ಎದುರಿಗೇ ನಿಂತರು. ಚಿಕ್ಕಮ್ಮ ಗುರುತನ್ನು ಐದಕ್ಕೆ ತಂದು, ಒಂದು ಬೋಲ್ಟಿಗೆ ಸ್ವಲ್ಪ, ಅದಕ್ಕೆ ಓರೆಯಾಗಿ ಎದುರಿರುವುದಕ್ಕೆ ಸ್ವಲ್ಪ, ಹೀಗೆ ಸರದಿಯಂತೆ ಬಿಗಿಯುತ್ತ ಬಂದಳು. ಪ್ರತಿಯೊಂದರಲ್ಲೂ ಕತ್ತು ಬಾಗಿತು, ಕೈ ನಿಂತಿತು.

"ಇನ್ನೊಂಚೂರು ಬಿಗಿ ಮಾಡಿದ್ರೆ?" ಎಂದರು ಮೇಡಂ.

"ಸಾಕು ಅಂತ ಅದು ಹೇಳಿದ್ಮೇಲೆ ನಾನ್ಯಾಕೆ ವಾದ ಮಾಡ್ಲಿ?"

ಮೇಡಂ ಇಳಿಜಾರಿನ ರಸ್ತೆಗೆ ಹೋಗಿ, ಕೆಳಗೆ ಜೋರಾಗಿ ಬ್ರೇಕು ಹಿಡಿದು, ಮತ್ತೆ ಏರಿ ಬಂದರು. ಹ್ಯಾಂಡಲ್ ಕದಲಿರಲಿಲ್ಲ. "ರೇಸು ಭಾನುವಾರ. ಹಿಂದಿನ ದಿನ ಒಂದ್ಸಲ ನೋಡಿಕೊಡ್ತೀರಾ?" ಎಂದು ಕೇಳಿದರು, ಸೈಕಲನ್ನು ಇನ್ನೆಲ್ಲಿಗೂ ಒಯ್ಯುವ ಯೋಚನೆ ಅವರಿಗೆ ಬಂದಂತಿರಲಿಲ್ಲ.

"ಬೆಳಗ್ಗೇನೇ ತನ್ನಿ" ಎಂದ ಚಿಕ್ಕಮ್ಮ, ಒಳಗಿನ ಸ್ಪ್ರಿಂಗು ಸುಧಾರಿಸಿಕೊಳ್ಳಲೆಂದು ರೆಂಚಿನ ಗುರುತನ್ನು ಕೆಳಕ್ಕಿಳಿಸಿ ಪೆಟ್ಟಿಗೆಯಲ್ಲಿ ಮಲಗಿಸಿದಳು. ಅಷ್ಟರಲ್ಲಿ ಪೇಪರ್ ಹಾಕುವವನು ಕಿರುಗುಟ್ಟುವ ಸೈಕಲ್ ತಳ್ಳಿಕೊಂಡು ಬಂದ. ಚೈನು ನೋಡಿದ್ದೇ ತಡ, ಅವಳು ಅವನನ್ನು ಬೈಯಲು ಶುರುಮಾಡಿದಳು.