ಎಲ್ಲರೂ ಹತ್ತಿದ ಮೇಲೆ

ಸೀಟಿ ಸಾಹೇಬರಿಗೆ ಆ ಹೆಸರಿಟ್ಟವರು ಬಸ್ ಡಿಪೋದ ಡ್ರೈವರುಗಳು. ನಿಲ್ದಾಣದಲ್ಲಿ ಸಾಹೇಬರು ಕಂಟ್ರೋಲರ್. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಸೀಟಿ ಹಿಡಿದು, ಹೊತ್ತಿಗೆ ಸರಿಯಾಗಿ ಉದ್ದಕ್ಕೆ ಒಂದು ಸಲ ಊದುವುದು ಅವರ ಕೆಲಸ. ಊದಿದರೆ ಮುಗಿಯಿತು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡವರು ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಮೂವತ್ತೊಂದು ವರ್ಷ ಹೀಗೆ ಊದಿ ಊದಿ ಪುಣ್ಯಾತ್ಮನಿಗೆ ಮನೆಯಲ್ಲೂ ಅದೇ ಚಾಳಿ ಅಂಟಿಕೊಂಡಿತ್ತು. ಹೆಂಡತಿ ಒಂದು ಮಾತು ಶುರು ಮಾಡಿದರೆ ಅರ್ಧಕ್ಕೇ "ಸರಿ, ಟೈಮಾಯ್ತು" ಅಂತ ಎದ್ದು ಬೂಟಿಗೆ ಕಾಲು ತೂರಿಸುತ್ತಿದ್ದರು.

ಕೊನೆಗೆ ಹೆಂಡತಿಯೇ ದ್ವೀಪದ ಟಿಕೆಟ್ ತಂದಿಟ್ಟರು. ಸುತ್ತ ನೀರು, ನಡುವೆ ಎಂಟು ಗುಡಿಸಲು. ಫೋನಿಲ್ಲ, ಟೀವಿಯಿಲ್ಲ. ವಾರಕ್ಕೆ ಎರಡೇ ಸಲ ದೋಣಿ.

"ಐದು ದಿನ ಇದೆ. ನನ್ನ ಪಕ್ಕ ಕೂತು ಒಂದೇ ಒಂದು ಮಾತು ಪೂರ್ತಿ ಕೇಳಿ," ಅಂದರು ಆಕೆ. ದನಿ ಏರಿಸಲಿಲ್ಲ. "ಅಷ್ಟೂ ನಿಮ್ಮ ಕೈಲಿ ಆಗ್ಲಿಲ್ಲ ಅಂದ್ರೆ, ವಾಪಸ್ ಬಂದ ಮೇಲೆ ನಾನು ತಂಗಿ ಮನೆಗೆ ಹೋಗಿ ಅಲ್ಲೇ ಇದ್ದುಬಿಡ್ತೀನಿ. ಅಲ್ಲಿ ಮಾತು ಕೇಳೋರಿದ್ದಾರೆ."

ತಮಾಷೆ ಅಂದುಕೊಂಡು ಸಾಹೇಬರು ನಕ್ಕರು. ಆಮೇಲೆ ನೋಡಿದರೆ ಕೋಣೆಯಲ್ಲಿ ಎರಡು ಪೆಟ್ಟಿಗೆ. ಚಿಕ್ಕದು ದ್ವೀಪಕ್ಕೆ. ದೊಡ್ಡದರಲ್ಲಿ ಬಟ್ಟೆಯ ಜೊತೆ ಹೊಲಿಗೆ ಮಿಷನ್ನೂ ಕೂತಿತ್ತು. ಹೊಲಿಗೆ ಮಿಷನ್ ಹೊತ್ತುಕೊಂಡು ಯಾರೂ ಎರಡು ದಿನದ ಮಟ್ಟಿಗೆ ತಂಗಿ ಮನೆಗೆ ಹೋಗುವುದಿಲ್ಲ. ಸಾಹೇಬರು ಚಿಕ್ಕ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೊರಟರು.

ದ್ವೀಪದಲ್ಲಿ ಇಳಿದ ಕೂಡಲೇ ಉಸ್ತುವಾರಿಯ ಹೆಂಗಸು ಒಂದು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದಳು. ಫೋನು, ಗಡಿಯಾರ ಎಲ್ಲ ಅದರೊಳಗೆ ಹಾಕಬೇಕು, ಹೋಗುವ ದಿನ ಆಚೆ ದಡದಲ್ಲಿ ವಾಪಸ್. ಸಾಹೇಬರು ಏನೂ ಅರಿಯದವರ ಮುಖ ಮಾಡಿಕೊಂಡು ಫೋನು ಹಾಕಿದರು, ಕೈಗಡಿಯಾರ ಬಿಚ್ಚಿ ಹಾಕಿದರು. ಹೆಂಡತಿಯ ಮುಖ ಅರಳಿತು. ಪಾಪ, ಆಕೆಗೇನು ಗೊತ್ತು, ಡ್ಯೂಟಿಯ ಸರಪಳಿ ಗಡಿಯಾರ ಸೋಪಿನ ಡಬ್ಬಿಯೊಳಗೆ ಬೆಚ್ಚಗೆ ಮಲಗಿದೆ ಅಂತ. ಸೀಟಿಯಂತೂ ಜೇಬಿನಲ್ಲೇ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಸಾಹೇಬರಿಗೆ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕಾಯಿತು. ಹೆಂಡತಿ ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಒರಗಿಕೊಂಡು, ಸಮುದ್ರ ನೋಡುತ್ತಾ, "ಅವತ್ತೊಂದು ದಿನ ನನಗೆ ಬಸ್ಸು ತಪ್ಪಿತಲ್ಲ, ನೆನಪಿದೆಯಾ? ಅವತ್ತು ನಾನು…" ಅನ್ನುವಷ್ಟರಲ್ಲಿ ಇವರು "ಒಂದ್ನಿಮಿಷ, ಬಂದೆ" ಅಂತ ಎದ್ದಾಯಿತು. ಬಚ್ಚಲ ಬಾಗಿಲು ಹಾಕಿ, ಡಬ್ಬಿ ತೆರೆದು, ಹನ್ನೊಂದೂವರೆ ಅಂತ ಕಣ್ಣಾರೆ ಕಂಡ ಮೇಲೆಯೇ ಜೀವಕ್ಕೆ ಸಮಾಧಾನ. ಹನ್ನೊಂದೂವರೆಗೆ ಅಲ್ಲಿ ಏನೂ ಆಗಬೇಕಾಗಿರಲಿಲ್ಲ, ಅದು ಬೇರೆ ವಿಷಯ.

ಮೂರನೆಯ ದಿನ ಹೆಂಡತಿ ಉಸ್ತುವಾರಿ ಹೆಂಗಸನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಸಂಜೆಯಿಂದ ಸಾಹೇಬರ ಚಹಾಕ್ಕೆ ಸಕ್ಕರೆ ನಿಂತುಹೋಯಿತು. "ಇಷ್ಟೊಂದು ಸಲ ಹೋಗ್ತೀರಲ್ಲ, ನನಗ್ಯಾಕೋ ಭಯ ಆಗ್ತಿದೆ. ಊರಿಗೆ ಹೋದ ತಕ್ಷಣ ರಕ್ತ ಪರೀಕ್ಷೆ ಮಾಡಿಸೋಣ," ಅಂದರು ಆಕೆ. ಸಾಹೇಬರು ಕಹಿ ಚಹಾ ಗುಟುಕರಿಸಿದರು. ಮಾಡಿದ್ದುಣ್ಣಬೇಕು, ಇನ್ನೇನು ಮಾಡುತ್ತಾರೆ.

ದ್ವೀಪದಲ್ಲೇ ಮನೆ ಮಾಡಿಕೊಂಡಿದ್ದ ದೋಣಿಯವನ ಹತ್ತಿರ ಅವರ ಜಗಳ ಬೇರೆ.

"ಶುಕ್ರವಾರ ದೋಣಿ ಎಷ್ಟೊತ್ತಿಗೆ ಹೊರಡುತ್ತೆ?"

"ಎಲ್ಲರೂ ಹತ್ತಿದ ಮೇಲೆ ಸಾರ್."

"ಅಂದ್ರೆ ಎಷ್ಟೊತ್ತಿಗೆ?"

"ಕೊನೆಯವರು ಹತ್ತಿದ ಮೇಲೆ."

ಸಾಹೇಬರಿಗೆ ತಲೆಕೆಟ್ಟು ಮೊಸರುಗಡಿಗೆಯಾಯಿತು. ರಟ್ಟಿನ ತುಂಡೊಂದನ್ನು ಹುಡುಕಿ, "ಹೊರಡುವ ಸಮಯ: ೧೦–೧೦" ಅಂತ ದಪ್ಪಗೆ ಬರೆದು, ದೋಣಿ ನಿಲ್ಲುವ ಕಟ್ಟೆಯ ಕಂಬಕ್ಕೆ ಕಟ್ಟಿದರು. ಬರೀ ಹತ್ತು ಅಂತ ಬರೆದರೆ ಜನ ಹತ್ತೂಕಾಲಿಗೆ ಬರುತ್ತಾರೆ, ಹತ್ತು–ಹತ್ತು ಅಂತ ಬರೆದರೆ ಹೆದರಿಕೊಂಡು ಹತ್ತಕ್ಕೇ ಬರುತ್ತಾರೆ ಎನ್ನುವುದು ಅವರ ಸರ್ವೀಸಿನ ಅನುಭವ. ದೋಣಿಯವನು ಬೋರ್ಡು ಓದಿ, ಸಾಹೇಬರು ಜೇಬಿನಿಂದ ತೆಗೆದ ಸೀಟಿ ನೋಡಿ ತಲೆ ಕೆರೆದುಕೊಂಡ. "ಆಯ್ತು ಸಾರ್, ಈ ಸಲ ನಿಮ್ಮ ಟೈಮೇ ಆಗಲಿ. ನೀವು ಊದಿ, ನಾನು ಹೊರಡ್ತೀನಿ," ಅಂದ. ಸಾಹೇಬರಿಗೆ ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಶುಕ್ರವಾರ ಬೆಳಿಗ್ಗೆ ಪಕ್ಕದ ಗುಡಿಸಲಿನ ಹಲ್ಲಿನ ಡಾಕ್ಟರ ಸಂಸಾರ, ನಾಲ್ಕು ಜನ, ಬೋರ್ಡಿಗೆ ಹೆದರಿ ಹತ್ತಕ್ಕೇ ಬಂದು ದೋಣಿಯಲ್ಲಿ ಕೂತರು. ಡಾಕ್ಟರಿಗೆ ಯಾವಾಗ ಫೋನು ಕೈಗೆ ಸಿಕ್ಕೀತು ಅನ್ನುವ ಚಡಪಡಿಕೆ. ಪೆಟ್ಟಿಗೆಗಳೂ ಬಿಸ್ಕತ್ತಿನ ಡಬ್ಬಿಯೂ ಸೀಟಿನ ಕೆಳಗೆ ಸೇರಿದವು. ದೋಣಿಯವನು ಮುಂದೆ ಮುಖ ಮಾಡಿ ಇಂಜಿನ್ ಚಾಲೂ ಮಾಡಿದ. ಸಾಹೇಬರು ಕಟ್ಟೆಯ ತುದಿಯಲ್ಲಿ ಎದೆಯುಬ್ಬಿಸಿ ನಿಂತರು, ಎಡ ಮುಷ್ಟಿಯೊಳಗೆ ಸರಪಳಿ ಕಳಚಿದ ಗಡಿಯಾರ. ಹಿಂದಿನಿಂದ ಹೆಂಡತಿ "ಬಚ್ಚಲಲ್ಲಿ ಸೋಪಿನ ಡಬ್ಬಿ ಬಿಟ್ಟು ಬಂದಿದ್ದೀರಿ, ತರ್ತೀನಿ ಇರಿ" ಅಂದದ್ದು ಕಿವಿಗೆ ಬಿತ್ತು. ಬಿತ್ತು, ಅಷ್ಟೇ. "ಬಂದೆ ಇರಿ" ಅನ್ನುವ ಪ್ರಯಾಣಿಕರ ಮಾತನ್ನು ದಿನಕ್ಕೆ ನೂರು ಸಲ ಕೇಳಿ ಕೇಳಿ ಆ ಕಿವಿಗೆ ಅದು ಮಾತೇ ಅಲ್ಲ.

ಹತ್ತು ಗಂಟೆ ಹತ್ತು ನಿಮಿಷ. ಸಾಹೇಬರು ಉದ್ದಕ್ಕೆ ಸೀಟಿ ಊದಿ ಕೈ ಬೀಸಿದರು. ದೋಣಿ ಕಟ್ಟೆ ಬಿಟ್ಟಿತು. ಒಂದು ಸೆಕೆಂಡು ಹಿಂದಿಲ್ಲ, ಮುಂದಿಲ್ಲ. ಅದು ಹೋಗುವ ಚಂದವನ್ನು ಅವರು ಕಣ್ತುಂಬ ನೋಡಿದರು. ಕಂಟ್ರೋಲರ್ ಆದವನು ಬಸ್ಸನ್ನು ಕಳಿಸುತ್ತಾನೆಯೇ ಹೊರತು ಹತ್ತುವುದಿಲ್ಲ. ಮೂವತ್ತೊಂದು ವರ್ಷ ಹತ್ತದವರು ಅವತ್ತೂ ಹತ್ತಲಿಲ್ಲ. ಅದು ಅವರ ತಲೆಗೆ ಹೊಳೆಯುವ ಹೊತ್ತಿಗೆ ದೋಣಿ ಅಂಗೈಯಷ್ಟಾಗಿತ್ತು. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟರು.

"ಹೋಯ್ತಾ?" ಹಿಂದೆ ಹೆಂಡತಿಯ ದನಿ.

"ಹೋಯ್ತು ಕಣೇ. ಟೈಮಿಗೆ ಸರಿಯಾಗಿ ಹೋಯ್ತು."

ಆಕೆಯ ಕೈಯಲ್ಲಿ ಸೋಪಿನ ಡಬ್ಬಿ ತೆರೆದುಕೊಂಡಿತ್ತು. ಒಳಗೆ ಸೋಪಿರಲಿಲ್ಲ, ಗಡಿಯಾರದ ಸರಪಳಿ ಇತ್ತು. ಆಕೆ ಸರಪಳಿ ನೋಡಿದರು, ಗಂಡನ ಎಡ ಮುಷ್ಟಿ ನೋಡಿದರು.

"ಅರ್ಧ ಗಂಟೆಗೊಮ್ಮೆ ಹೋಗ್ತಿದ್ದದ್ದು ಇದಕ್ಕಾ?"

"ಹೂಂ."

"ಹಾಗಾದ್ರೆ ಸಕ್ಕರೆ ಕಾಯಿಲೆ ಇಲ್ಲವಾ?"

"ಇಲ್ಲ."

"ಸದ್ಯ," ಅಂದರು ಆಕೆ. ಅಂದು, ಕಟ್ಟೆಯ ಬೆಂಚಿನ ಮೇಲೆ ಕೂತುಬಿಟ್ಟರು. ಬೈಗುಳಕ್ಕೆ ತಯಾರಾಗಿದ್ದ ಸಾಹೇಬರಿಗೆ ಆ ಒಂದು "ಸದ್ಯ" ತಡೆದುಕೊಳ್ಳಲು ಆಗಲಿಲ್ಲ. ಬೆಂಚಿನ ಹತ್ತಿರ ಹೋಗಿ ನಿಂತರು. ಏನು ಮಾಡಬೇಕೋ ತೋಚದೆ, ಪಕ್ಕದಲ್ಲಿ ಕೂತರು.

"ತಂಗಿಗೆ ಹೆರಿಗೆ ನೋವು ಅಂತ ಅವತ್ತು ಬಸ್ ಸ್ಟ್ಯಾಂಡಿಗೆ ಓಡೋಡಿ ಬಂದೆ," ಆಕೆ ಸಮುದ್ರ ನೋಡಿಕೊಂಡೇ ಹೇಳಿದರು. "ನೀವು ನನ್ನ ನೋಡಿದ್ರಿ. ನೋಡಿಯೂ ಊದಿದ್ರಿ."

"ಟೈಮಾಗಿತ್ತು…"

"ಗೊತ್ತು. ನನಗಿರೋದು ಆ ಸಿಟ್ಟಲ್ಲ ರೀ. ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಆ ಎರಡು ಗಂಟೆಯೂ ನಿಮ್ಮ ಎದುರಿನ ಬೆಂಚಲ್ಲೇ ಕೂತಿದ್ದೆ. ಹತ್ತು ಹೆಜ್ಜೆ ದೂರ. ನಡುವೆ ನಿಮಗೆ ಬಿಡುವಿತ್ತು, ಎರಡು ಸಲ ಚಹಾ ಕುಡಿದ್ರಿ. ಒಂದು ಸಲ ಬಂದು ಪಕ್ಕದಲ್ಲಿ ಕೂರಲಿಲ್ಲ."

ಡ್ಯೂಟಿಯ ಮೇಲೆ ಕೂರುವ ಹಾಗಿಲ್ಲ ಅಂತ ಸಾಹೇಬರ ನಾಲಿಗೆ ತುದಿಗೆ ಬಂತು. ನುಂಗಿಕೊಂಡರು. ನಾಚಿಕೆಯಾಯಿತು ಅವರಿಗೆ, ಮುಖ ಎತ್ತಲಾಗದಷ್ಟು ನಾಚಿಕೆ. ದೊಡ್ಡ ಪೆಟ್ಟಿಗೆಯಲ್ಲಿ ಕೂತಿದ್ದ ಹೊಲಿಗೆ ಮಿಷನ್ ಕಣ್ಣ ಮುಂದೆ ಬಂತು.

"ಅವತ್ತು ಆ ಬೆಂಚಲ್ಲಿ ಕೂತು ನಾನೇನು ಅಂದುಕೊಂಡೆ ಗೊತ್ತಾ…" ಅಂತ ಆಕೆ ಮುಂದುವರಿಸುವಷ್ಟರಲ್ಲಿ ಟುರ್‌ಟುರ್ ಸದ್ದು ಕೇಳಿತು. ದೋಣಿಯವನು ಅರ್ಧ ದಾರಿಯಲ್ಲಿ ಹಿಂತಿರುಗಿ ತಲೆ ಎಣಿಸಿದ್ದ. ಆರು ಇರಬೇಕಾದಲ್ಲಿ ನಾಲ್ಕು. ದೋಣಿ ತಿರುಗಿಸಿಕೊಂಡು ಬಂದಿದ್ದ.

"ಬೇಗ ಹತ್ತಿ ಸಾರ್," ಡಾಕ್ಟರು ಕೂಗಿದರು. "ಟೈಮ್ ಟೇಬಲ್ ಬರೆದವರೇ ಲೇಟ್ ಮಾಡಿದ್ರೆ ಹೇಗೆ?"

ಹೆಂಡತಿ ಅಭ್ಯಾಸಬಲದಿಂದ ಮಾತು ಅರ್ಧಕ್ಕೇ ನಿಲ್ಲಿಸಿ, ಡಬ್ಬಿ ಮುಚ್ಚಿ, ಎದ್ದು ನಿಂತರು. ಸಾಹೇಬರು ಆಕೆಯ ಕೈ ಹಿಡಿದು ಎಳೆದು ಕೂರಿಸಿದರು. ಇನ್ನೊಂದು ಅಂಗೈಯನ್ನು ದೋಣಿಯ ಕಡೆ ಎತ್ತಿ ಹಿಡಿದರು, ತಡೆಯಿರಿ ಅನ್ನುವ ಹಾಗೆ. ಸರ್ವೀಸಿನುದ್ದಕ್ಕೂ ಆ ಕೈ ಯಾವ ಗಾಡಿಯನ್ನೂ ತಡೆದದ್ದಿಲ್ಲ.

"ಎಷ್ಟೊತ್ತಿಗೆ ಹೊರಡೋದು ಮತ್ತೆ?" ಡಾಕ್ಟರು ಕೇಳಿದರು.

"ಎಲ್ಲರೂ ಹತ್ತಿದ ಮೇಲೆ," ಅಂದರು ಸಾಹೇಬರು. ದೋಣಿಯವನು ನಗುತ್ತಾ ಇಂಜಿನ್ ಆಫ್ ಮಾಡಿದ.

"ಹೂಂ, ಹೇಳು. ಬೆಂಚಲ್ಲಿ ಕೂತು ಏನಂದುಕೊಂಡೆ?"

ಹೆಂಡತಿ ಸೋಪಿನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸರಿಯಾಗಿ ಒರಗಿ ಕೂತು, ಮೊದಲಿನಿಂದ ಶುರು ಮಾಡಿದರು.