ಹೆಸರು ತೆಗೀಬ್ಯಾಡ್ರಿ

ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ, ಸಿಹಿಯೂ ಅಲ್ಲ ಹುಳಿಯೂ ಅಲ್ಲ, ಗಾಳಿ ತಿರುಗಿದಾಗೊಮ್ಮೆ ಬಾಗಿಲಿಗೆ ಬಂದು ನಿಲ್ಲುತ್ತದೆ, ಹವಳಗಾದವರ ಮೂಗಿಗೆ ಇದು ತಿಳಿಯುವುದೇ ಇಲ್ಲವಂತೆ, ಆಳಂದದಿಂದ ಬಂದ ಮಧುಮತಿಗೆ ಮಾತ್ರ ತಲೆ ಗಿಮ್ಮೆನ್ನುತ್ತದೆ — ವಾಸನೆಗೋ, ಎದುರಿಗೆ ಕೂತ ಧಮ್ಮಪಾಲ ಸರ್ ಒಪ್ಪಿಗೆ ಪತ್ರದಿಂದ ಈಗಷ್ಟೇ ಓದಿದ ಆ ಮಾತಿಗೋ, ಸಂದರ್ಶನ ಕೊಡುವವರ ಹೆಸರು ಗುಪ್ತವಾಗಿ ಇಡಲಾಗುವುದು, ಬದಲಿ ಹೆಸರು ಬಳಸಲಾಗುವುದು — ಅಯ್ಯ ಶಿವನೇ, ಇದನ್ನು ಮೊದಲೇ ಹೇಳಬಾರದಿತ್ತೇ ಈ ಮನುಷ್ಯ, ತಾನು ಖುರ್ಷಿದಬೇಗಂ ಖಾಲಾಗೆ ಮಾತು ಕೊಟ್ಟು ಕೂತಾಗಿದೆ, ನಿಮ್ಮ ಹೆಸರು ಪುಸ್ತಕದಾಗ ಅಚ್ಚಾಗಿ ಬರ್ತದ ಖಾಲಾ, ಯುನಿವರ್ಸಿಟಿ ಕಪಾಟಿನಾಗ ಇರ್ತದ ಅಂತ, ಖಾಲಾ ಒಪ್ಪಿದ್ದೇ ಆ ಒಂದು ಮಾತಿಗೆ, ಈಗ ನೋಡು, ಆಕೆಯ ಹುಬ್ಬು ಗಂಟಿಕ್ಕಿದೆ, ಬಳೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಾಳೆ.

ಬುಟ್ಟಿ ಎತ್ತಿಕೊಂಡು ಎದ್ದಳೆಂದರೆ ಮುಗಿಯಿತು, ಮಧುಮತಿ ಸುಳ್ಳಿ ಅಂತ ಅಫಜಲಪುರ ತಾಲೂಕಿನ ತುಂಬ ಹೇಳಿಕೊಂಡು ಬರುತ್ತಾಳೆ, ಹೇಳಲಿ, ಹೇಳುವುದರಲ್ಲಿ ತಪ್ಪೇನಿದೆ — ಅಂಗವಿಕಲರು ತಮ್ಮನ್ನು ತಾವು ಯಾರೆಂದು ತಿಳಿದಿದ್ದಾರೆ ಅಂತ ಸಂಶೋಧನೆ ಮಾಡುವುದು ಸರ್ ಕೆಲಸ, ಅವರನ್ನು ಹುಡುಕಿ ಒಪ್ಪಿಸುವುದು ಇವಳ ಕೆಲಸ, ಆಳಂದ, ಅಫಜಲಪುರ, ಜೇವರ್ಗಿ, ಕಬ್ಬಿಣದ ಕ್ಯಾಲಿಪರ್ ಕಟ್ಟಿದ ಈ ಪೋಲಿಯೋ ಕಾಲಿನಲ್ಲಿ ಹತ್ತದ ಬಸ್ಸಿಲ್ಲ, ಜಂಬವೇ? ಹೌದು, ಜಂಬವೇ, ಮಧುಮತಿ ಕರದಾಳಂದ್ರ ಸುಮ್ನ ಕರಿಯಾಂಗಿಲ್ಲ ಅನ್ನುವ ಮಾತನ್ನು ಯಾರಪ್ಪನೂ ಪುಗಸಟ್ಟೆ ಕೊಟ್ಟಿದ್ದಲ್ಲ — ಮೊನ್ನೆ ಸರಸಂಬಾದ ಮಲ್ಕಪ್ಪ ಮುತ್ಯಾ, ಕಾಳು ರಾಶಿ ಮಾಡುವ ಮಷಿನ್ನಿನಲ್ಲಿ ಕೈ ಕಳಕೊಂಡವನು, ಪೆನ್ಶನ್ ಸಾಹೇಬರು ಬಂದರೆಂದೇ ತಿಳಿದು ಅಂಗಿ ತೋಳು ಮಡಚಿ ಮೊಂಡುಗೈ ಮುಂದೆ ಚಾಚಿ ಬಂದ, ಮೋತಿ ಸಣ್ಣ ಮಾಡಿಕೊಂಡು, ನಂದು ಅರವತ್ತು ಪರ್ಸೆಂಟ್ ಅದರೀ ಸಾಹೇಬ್ರ, ಬರೇ ಅರವತ್ತು ಬರದಾರ, ಎಂಬತ್ತು ಆಗಬೇಕಿತ್ತರಿ, ನಮ್ಮ ಮಂದಿಗೆಲ್ಲ ಇದೇ ರೂಢಿ, ಯಾರು ಏನು ಕೇಳಲಿ ಮೊದಲು ಸರ್ಟಿಫಿಕೇಟಿನ ಪರ್ಸೆಂಟ್ ಹೇಳುವುದು, ಡಾಕ್ಟರ ಮುಂದೆ ಇನ್ನಷ್ಟು ಕುಂಟುವುದು, ತಾನೂ ಕುಂಟಿಲ್ಲವೇ — ಮುತ್ಯಾ, ಇವ್ರು ಪೆನ್ಶನ್ನಿನವ್ರಲ್ಲ, ಗಾಡಿ ಕೊಡಾವ್ರೂ ಅಲ್ಲ, ನಿನ್ ಮಾತು ಕೇಳಾಕ ಬಂದಾರ ಅಂತ ಮಧುಮತಿ ಅಂದಾಗ ಮುದುಕ ಇವಳನ್ನೇ ದಿಟ್ಟಿಸಿದ, ಬರೇ ಮಾತು ಕೇಳಾಕ? ಹಂಗಂದ್ರ ಮದ್ಲ ಹೇಳಬಾರದೇನ್ಬೇ, ಅಂತ ಬಯ್ದು, ಮಡಚಿದ ತೋಳನ್ನು ಸರಕ್ಕನೆ ಕೆಳಗಿಳಿಸಿ, ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಒಂದು ಕೈಯಿಂದ ಎತ್ತು ಹೂಡಿದ್ದು, ಒಂದು ಕೈಯಿಂದ ಮಗಳ ತೊಟ್ಟಿಲು ಕಟ್ಟಿದ್ದು, ನಿಲ್ಲಿಸಲಿಕ್ಕೇ ಆಗಲಿಲ್ಲ ಅವನನ್ನು. ಚಹಾ ಎರಡು ಸಲ ಬಂದು ಹೋಯಿತು.

ಬದಲಿ ಹೆಸರು ಯಾಕ ಸಾಬ್, ಇತ್ತ ಖಾಲಾ ಕೇಳುತ್ತಿದ್ದಾಳೆ, ನಾ ಏನ್ ಕಳವು ಮಾಡೇನೇನ್ರಿ ಮುಚ್ಚಿಡಾಕ — ಹಂಗಲ್ಲಮ್ಮ, ನಿಮ್ಮ ಒಳ್ಳೇದಕ್ಕ, ನಿಯಮ ಹಂಗದ, ಸಲ್ಮಾ ಅಂತ ಇಡೋಣೇನು, ಚಲೋ ಹೆಸರು — ಸಲ್ಮಾ ನನ್ ನಾದಿನಿರಿ, ಆಕಿಗಿ ಎರಡೂ ಕಾಲು ನೆಟ್ಟಗದಾವ, ಈ ಕಾಲಿನ ಸುಖದುಃಖ ಆಕಿಗೇನ್ ಗೊತ್ತು! — ನಗು ಬಂತು ಮಧುಮತಿಗೆ, ನಗುವ ಹೊತ್ತಲ್ಲ, ಖಾಲಾ ನಗುತ್ತಿಲ್ಲ, ಮೊಣಕಾಲಿಗೆ ಕೈ ಊರಿ ಓಣಿ ಓಣಿ ಬಳೆ ಮಾರುವ ಹೆಂಗಸು, ಊರೆಲ್ಲ ಕೂಗುವುದು ಲಂಗ್ಡಿ ಬಂದಾಳ ಬರ್ರೇ, ಲಂಗ್ಡಿ ಹಂತೇಲಿ ಹಸಿರು ಬಳಿ ಅದಾವ, ಬಳೆ ಇಡಿಸಿಕೊಂಡ ಕೈಗಳೆಷ್ಟೋ, ಹೆಸರು ಹಿಡಿದು ಕರೆದ ಬಾಯಿ ಒಂದೂ ಇಲ್ಲ, ಮಧುಮತಿಗೆ ಇದು ಗೊತ್ತು, ಶಾಲೆಯಲ್ಲಿ ಮಧುಮತಿಯರು ಇಬ್ಬರಿದ್ದರು, ಮಾಸ್ತರರು ಒಬ್ಬಳನ್ನು ಮಧುಮತಿ ಅಂದು ಇನ್ನೊಬ್ಬಳನ್ನು ಕುಂಟಿ ಅನ್ನುತ್ತಿದ್ದರು, ಇವಳು ಹಾಜರ್ ಸರ್ ಅನ್ನುತ್ತಿದ್ದಳು, ಅಷ್ಟು ವರ್ಷ, ಹಾಜರ್ ಸರ್ — ಸಾಬ್, ನಿಮ್ ಹೆಸರೇನ್ರಿ, ಖಾಲಾ ಕೇಳಿದಳು, ಧಮ್ಮಪಾಲ, ಯಾರಿಟ್ಟಾರ, ನಮ್ಮಪ್ಪ, ಅದನ್ನ ತೆಗದು ನಾ ಬ್ಯಾರೆ ಒಂದು ಇಡ್ಲೇನ್ರಿ, ನಿಮ್ಮ ಒಳ್ಳೇದಕ್ಕ? — ಸರ್ ಪೆನ್ನು ನಿಂತಿತು, ಬಸ್ಸಿನಲ್ಲಿ ಅವರೇ ಹೇಳಿದ್ದರು, ಊರವರು ಅವರಪ್ಪನನ್ನು ಜಾತಿ ಹಿಡಿದೇ ಕರೆಯುತ್ತಿದ್ದರಂತೆ, ಬೌದ್ಧರಾದ ಮೇಲೆ ಹುಟ್ಟಿದ ಮಗನಿಗೆ ಯಾರೂ ಸಣ್ಣದು ಮಾಡಲಾಗದ ಹೆಸರು ಇಡುತ್ತೇನೆ ಅಂತ ಹಟ ಹಿಡಿದು ಇಟ್ಟರಂತೆ — ಈಗಲೇ, ಈಗ ಮಾತಾಡದಿದ್ದರೆ ಇನ್ಯಾವಾಗ, ಸರ್, ಖಾಲಾನ ಹೆಸರು ತೆಗೀಬ್ಯಾಡ್ರಿ, ತೆಗಿಯೂದಿದ್ರ ನಾಳೆ ಜೇವರ್ಗಿಗೆ ನಾ ಬರೂದಿಲ್ಲ, ಮಂದಿನ ನೀವ ಹುಡುಕ್ಕೋರಿ — ಅಂದುಬಿಟ್ಟಳು ಮಧುಮತಿ, ಸರ್ ಎದ್ದು ಓಣಿಗೆ ಹೋಗಿ ಫೋನು ಹಚ್ಚಿದರು, ಯುನಿವರ್ಸಿಟಿಯಲ್ಲಿ ಅವರ ಮೇಲಿನ ಮೇಡಂಗೆ, ಹೌದು ಮೇಡಂ, ಇಲ್ಲ ಮೇಡಂ, ಅವರೇ ಕೇಳಾಕತ್ತಾರ ಮೇಡಂ, ಒಳಗೆ ಖಾಲಾ ಇವಳ ಮುಂಗೈ ಹಿಡಿದು ಒಂದೊಂದೇ ಬಳೆ ಏರಿಸುತ್ತಿದ್ದಾಳೆ. ಸರ್ ವಾಪಸು ಬಂದರು.

ಇಡಬಹುದಂತ, ಹೆಸರು ಬೇಕು ಅಂತ ನೀವ ನಿಮ್ ಬಾಯಿಲೆ ಹೇಳಬೇಕಂತ, ಅಂದು ಸರ್ ಸಣ್ಣ ರೆಕಾರ್ಡರ್ ಒಂದನ್ನು ಚಾಪೆ ಮೇಲಿಟ್ಟರು, ಖಾಲಾ ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು, ಓಣಿಗೆಲ್ಲ ಕೇಳುವಂತೆ ಹೇಳಿದಳು, ಖುರ್ಷಿದಬೇಗಂ, ಶರಫುದ್ದೀನನ ಮಗಳು, ಹವಳಗಾ, ಇದ ಹೆಸರು ಇರಬೇಕು — ಬರೋಬ್ಬರಿ ಬಂತೇನ್ರಿ, ಕೇಳಸ್ರಿ ನೋಡೂನು — ಸರ್ ಗುಂಡಿ ಒತ್ತಿದರು, ಅದರೊಳಗಿಂದ ಆಕೆಯ ದನಿ, ಖುರ್ಷಿದಬೇಗಂ, ಖಾಲಾ ಗದ್ದ ಮೇಲಕ್ಕೆತ್ತಿದಳು, ಯಾರೋ ದೂರದಿಂದ ತನ್ನನ್ನು ಕರೆದಂತೆ, ಇನ್ನೊಮ್ಮಿ ಹಚ್ರಿ ಸಾಬ್, ಖುರ್ಷಿದಬೇಗಂ, ಗದ್ದ ಇಳಿಯಲಿಲ್ಲ, ಸರ್ ಪ್ರಶ್ನೆಗೆ ಬಂದರು, ಅಮ್ಮ, ನಿಮ್ಮನ್ನ ನೀವು ಯಾರು ಅಂತ — ತಡೀರಿ ಸಾಬ್, ಅವಸರೇನದ, ಇನ್ನೊಮ್ಮಿ — ಜೇವರ್ಗಿಯಲ್ಲಿ ನಾಳೆ ಯಾರ ಮನೆ ಮೊದಲು, ಬಸ್ಸು ಎಷ್ಟಕ್ಕೆ, ಮಧುಮತಿ ಯೋಚಿಸಲು ನೋಡಿದಳು, ಆಗಲಿಲ್ಲ, ಖುರ್ಷಿದಬೇಗಂ, ಮತ್ತೆ ಆ ಗದ್ದ, ಇನ್ನೊಮ್ಮಿ ಹಚ್ರಿ, ಖುರ್ಷಿದಬೇಗಂ, ಮೇಲಕ್ಕೆತ್ತಿದ ಆ ಗದ್ದ, ಆ ಗದ್ದ —